ಗೂಡು ಬಿಟ್ಟು ಹೋಗದವರು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅತ್ತೆಗೆ ಕಣಜಗಳ ಕತೆ ಹೇಳಿದೆ. ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗಿಲ್ಲ, ನಮ್ಮ ಮನೆಯಲ್ಲೇ ಇದ್ದಾಳೆ, ವಯಸ್ಸು ಅರವತ್ತು ದಾಟಿದೆ. ಅವತ್ತು ಅಂಗಳದ ಚಪ್ಪರದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದಳು. "ನಮ್ಮ ಹಾಸ್ಟೆಲ್ ಕಿಟಕಿಯಲ್ಲಿ ಒಂದು ಕಣಜದ ಗೂಡಿದೆ. ಅದರಲ್ಲಿರೋ ಹೆಣ್ಣುಗಳೆಲ್ಲ ಬೇಕಾದರೆ ಹೊರಗೆ ಹೋಗಿ ತಮ್ಮದೇ ಗೂಡು ಕಟ್ಟಬಹುದು, ತಮ್ಮ ಮಕ್ಕಳನ್ನೇ ಸಾಕಬಹುದು. ಆದರೆ ಹೆಚ್ಚಿನವು ಹೋಗೋದಿಲ್ಲ. ಅಲ್ಲೇ ಇದ್ದು ಇನ್ನೊಬ್ಬಳ ಮಕ್ಕಳನ್ನ ಸಾಕ್ತವೆ. ಯಾಕೆ ಅಂತ ವಿಜ್ಞಾನಿಗಳು ನಲವತ್ತು ವರ್ಷದಿಂದ ಹುಡುಕ್ತಿದ್ದಾರೆ" ಎಂದೆ. ಅತ್ತೆ ಕೈ ನಿಲ್ಲಿಸಲಿಲ್ಲ.

"ಎಲ್ಲಿಗ್ ಹೋಗ್ತವೆ ಮಾರಾಯ್ತಿ?" ಎಂದಳು.

ಮಾತು ಅಲ್ಲಿಗೇ ನಿಂತಿತು. ಒಳಗಿನಿಂದ ಅಮ್ಮ ಕಾಫಿಗೆ ಕರೆದಳು, ನಾನು ಎದ್ದು ಹೋದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಪಿಎಚ್.ಡಿ ಮಾಡುತ್ತಿರುವುದು ನೀತಿಶಾಸ್ತ್ರದಲ್ಲಿ, ಋಣ ಎಂಬ ಕಲ್ಪನೆಯ ಮೇಲೆ. ಒಬ್ಬರು ಇನ್ನೊಬ್ಬರಿಗಾಗಿ ಮಾಡಿದ ಕೆಲಸಕ್ಕೆ ಬೆಲೆ ಎಲ್ಲಿಂದ ಬರುತ್ತದೆ, ಅದನ್ನು ಪಡೆದವರ ಮೇಲೆ ಯಾವ ಹೊಣೆ ಬೀಳುತ್ತದೆ ಎಂಬುದರ ಬಗ್ಗೆ ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಮಾಡಿದವರ ಉದ್ದೇಶ ಏನಿತ್ತು, ಫಲ ಏನಾಯಿತು ಎಂದು ಕೇಳುವ ಗ್ರಂಥಗಳು ರಾಶಿ ಇವೆ. ಅವರಿಗೆ ಹೋಗಲು ಬೇರೆ ಜಾಗ ಇತ್ತೇ ಎಂಬಲ್ಲಿಂದ ಶುರು ಮಾಡಿದವರು ನನಗೆ ಹೆಚ್ಚು ಸಿಕ್ಕಿಲ್ಲ.

ಮೊದಲು ಆ ಗೂಡಿನ ವಿಷಯ ಹೇಳಬೇಕು. ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಮೂರನೇ ಮಹಡಿಯ ಕಿಟಕಿಯ ಸಜ್ಜೆಯ ಕೆಳಗೆ ಅದು ಕಾಣಿಸಿಕೊಂಡಿತು. ಬೂದು ಬಣ್ಣದ ಕಾಗದದಂಥ ಗೂಡು, ಅಂಗೈ ಅಗಲ. ಗಿಡಮರಗಳ ನಾರನ್ನು ಕೆರೆದು ತಂದು, ಜೊಲ್ಲಿನಲ್ಲಿ ಅಗಿದು ಮಾಡಿದ್ದು; ನಿಜಕ್ಕೂ ಅದು ಕಾಗದವೇ. ಜೇನಿನ ಹಾಗೆ ಆರು ಮೂಲೆಯ ಕೋಣೆಗಳು, ಆದರೆ ಮೇಲೆ ಹೊದಿಕೆಯಿಲ್ಲ, ಎಲ್ಲವೂ ಬಟಾಬಯಲು. ಯಾರು ಯಾರಿಗೆ ಉಣಿಸುತ್ತಿದ್ದಾರೆ, ಯಾರು ಸುಮ್ಮನೆ ಕೂತಿದ್ದಾರೆ ಎಂಬುದು ಕಿಟಕಿಯ ಗಾಜಿನಿಂದ ಕಾಣುತ್ತದೆ. ಹಾಸ್ಟೆಲ್ಲಿನವರು ಕೋಲಿನ ತುದಿಗೆ ಸೀಮೆಎಣ್ಣೆ ಬಟ್ಟೆ ಸುತ್ತಿಕೊಂಡು ಸುಡಲು ಬಂದರು. ಪಕ್ಕದ ಕೋಣೆಯ ಗೆಳತಿ ಪ್ರಾಣಿಶಾಸ್ತ್ರದವಳು, ಅಡ್ಡ ನಿಂತಳು. ಕೆಣಕದಿದ್ದರೆ ಏನೂ ಮಾಡುವುದಿಲ್ಲ ಎಂದು ಒಪ್ಪಿಸಿ, ಆ ಕಿಟಕಿ ತೆರೆಯುವುದಿಲ್ಲ ಎಂದು ನನ್ನಿಂದಲೂ ಮಾತು ತೆಗೆದುಕೊಂಡಳು. ಅದರ ಹೆಸರು ಹೇಳಿದವಳೂ ಅವಳೇ: ರೋಪಾಲಿಡಿಯ ಮಾರ್ಜಿನೇಟಾ. ಕನ್ನಡದಲ್ಲಿ ಕಣಜ ಅಂದರೆ ಸಾಕು. ಕಾಳು ತುಂಬುವ ಕಣಜಕ್ಕೂ ಈ ಹುಳುವಿಗೂ ಒಂದೇ ಹೆಸರು ಹೇಗೆ ಬಂತೋ, ಭಾಷೆ ಬಲ್ಲವರು ಹೇಳಬೇಕು.

ಈ ಸಾಧಾರಣ ಹುಳು ಜಗತ್ತಿನ ಜೀವಶಾಸ್ತ್ರಜ್ಞರಿಗೆಲ್ಲ ಗೊತ್ತಿರುವುದು ಬೆಂಗಳೂರಿನಿಂದಾಗಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಇದರ ಹಿಂದೆ ಬಿದ್ದರು. ದೊಡ್ಡ ಯಂತ್ರಗಳೇನೂ ಬೇಕಾಗಿರಲಿಲ್ಲ. ಪ್ರತಿ ಕಣಜದ ಮೈಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಿ, ಗಂಟೆಗಟ್ಟಲೆ ಕೂತು ನೋಡಿ ಬರೆದುಕೊಳ್ಳುವುದು. 1983ರಲ್ಲಿ ಅವರೂ ಎನ್.ವಿ. ಜೋಶಿಯವರೂ ಸೇರಿ ಪ್ರಕಟಿಸಿದ ಬರಹದಲ್ಲಿ, ಗೂಡಿನ ಹೆಣ್ಣುಗಳು ದಿನ ಕಳೆಯುವ ರೀತಿ ನೋಡಿ ಮೂರು ಗುಂಪು ಮಾಡಿದರು. ಹೆಚ್ಚು ಹೊತ್ತು ಕೂತಿರುವವರು, ಜಗಳಗಂಟರು, ಹೊರಗೆ ಹೋಗಿ ತರುವವರು. ರಾಣಿ ಜಗಳಗಂಟರಲ್ಲಿ ಒಬ್ಬಳಾಗಿರುತ್ತಾಳೆ ಎಂದುಕೊಂಡರೆ ತಪ್ಪು. ಅವಳು ಕೂತಿರುವವರಲ್ಲಿ ಒಬ್ಬಳು, ಬಹಳ ಸಾಧು. ಮೈಕಟ್ಟಿನಲ್ಲೂ ಉಳಿದವರಿಗಿಂತ ಬೇರೆಯಲ್ಲ. ಜೇನಿನಲ್ಲಿ ರಾಣಿ ಯಾರು ಎಂದು ಮಕ್ಕಳೂ ತೋರಿಸಬಲ್ಲರು. ಇಲ್ಲಿ ಮೊಟ್ಟೆಯಿಡುವುದನ್ನು ಕಣ್ಣಾರೆ ಕಂಡರಷ್ಟೇ ಗೊತ್ತಾಗುವುದು.

ತನ್ನ ಸಂತಾನ ಬಿಟ್ಟು ಇನ್ನೊಬ್ಬರ ಸಂತಾನ ಸಾಕುವ ಜೀವಿ ವಿಕಾಸವಾದಕ್ಕೆ ಹಳೆಯ ತಲೆನೋವು. ಡಾರ್ವಿನ್ 1859ರ ಪುಸ್ತಕದಲ್ಲೇ ಇದನ್ನು ಎತ್ತಿಕೊಂಡು, ಮೊದಲ ನೋಟಕ್ಕೆ ತನ್ನ ಸಿದ್ಧಾಂತವನ್ನೇ ಕೆಡವಬಲ್ಲ ತೊಡಕಿನಂತೆ ಇದು ಕಂಡಿತು ಎಂದು ಒಪ್ಪಿಕೊಂಡಿದ್ದ. ಮಕ್ಕಳಿಲ್ಲದವರ ಗುಣ ಮುಂದಿನ ತಲೆಮಾರಿಗೆ ಹೋಗುವುದಾದರೂ ಹೇಗೆ? ನೂರು ವರ್ಷದ ನಂತರ, 1964ರಲ್ಲಿ, ಡಬ್ಲ್ಯೂ.ಡಿ. ಹ್ಯಾಮಿಲ್ಟನ್ ಇದನ್ನು ಲೆಕ್ಕವಾಗಿ ಬರೆದ. ನನ್ನ ವಂಶವಾಹಿಗಳು ನನ್ನ ಮಕ್ಕಳಲ್ಲಿ ಮಾತ್ರ ಇಲ್ಲ. ಒಡಹುಟ್ಟಿದವರಲ್ಲಿ, ಅವರ ಮಕ್ಕಳಲ್ಲಿ ಕೂಡ ಇವೆ. ನಾನು ಕಳೆದುಕೊಳ್ಳುವುದಕ್ಕಿಂತ, ಅವರು ಪಡೆಯುವುದನ್ನು ನೆಂಟಸ್ತಿಕೆಯ ಪಾಲಿನಿಂದ ಗುಣಿಸಿ ಬರುವ ಮೊತ್ತ ಹೆಚ್ಚಾದರೆ, ನೆರವಾಗುವ ಗುಣ ಉಳಿಯುತ್ತದೆ. ಇದಕ್ಕೂ ಮೊದಲೇ ಜೆ.ಬಿ.ಎಸ್. ಹಾಲ್ಡೇನ್ ಇದೇ ಅರ್ಥದ ತಮಾಷೆ ಮಾಡಿದ್ದ ಎಂಬ ಕತೆಯಿದೆ: ಒಬ್ಬ ತಮ್ಮನಿಗಾಗಿ ಪ್ರಾಣ ಕೊಡಲಾರೆ, ಇಬ್ಬರು ತಮ್ಮಂದಿರಾದರೆ ಇಲ್ಲವೇ ಎಂಟು ಮಂದಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಾದರೆ ನೋಡೋಣ. ಆ ಹಾಲ್ಡೇನ್ ಕೊನೆಗೆ ಭಾರತದ ಪ್ರಜೆಯಾಗಿ, ಅದೇ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ.

ಇರುವೆ, ಜೇನು, ಕಣಜಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಆದ್ದರಿಂದ ಒಂದೇ ತಂದೆಯ ಮಕ್ಕಳಾದ ಅಕ್ಕತಂಗಿಯರ ನಡುವೆ ಮುಕ್ಕಾಲು ಪಾಲು ಹೊಂದಿಕೆಯಿರುತ್ತದೆ, ತಾಯಿ ಮಗಳ ನಡುವೆ ಇರುವುದಕ್ಕಿಂತ ಹೆಚ್ಚು. ತಂಗಿಯರನ್ನು ಸಾಕುವುದೇ ಲಾಭ ಎಂದು ಅನೇಕರಿಗೆ ಸಮಾಧಾನವಾಯಿತು. ಆದರೆ ನಮ್ಮ ಕಿಟಕಿಯ ಕಣಜ ಈ ಸಮಾಧಾನಕ್ಕೆ ಒಗ್ಗುವುದಿಲ್ಲ. ಇಲ್ಲಿ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಂದಿಗೆ ಕೂಡುತ್ತಾಳೆ. ರಾಣಿಯರೂ ಒಬ್ಬರ ನಂತರ ಒಬ್ಬರು ಬದಲಾಗುತ್ತಿರುತ್ತಾರೆ. ಹಾಗಾಗಿ ಕೆಲಸದವಳು ಯಾವುದೇ ದಿನ ಸಾಕುತ್ತಿರುವುದು ತಂಗಿಯನ್ನೇ ಆಗಿರಬೇಕಿಲ್ಲ. ಅಕ್ಕನ ಮಗಳಿರಬಹುದು, ಚಿಕ್ಕಮ್ಮನ ಮಗಳಿರಬಹುದು, ಅವಳ ಮಕ್ಕಳಿರಬಹುದು. ಒಳಗಿರುವವರಲ್ಲಿ ಇವಳು ಹತ್ತಿರದವಳು, ಅವಳು ದೂರದವಳು ಎಂದು ಭೇದ ಮಾಡುವುದೂ ಕಂಡುಬಂದಿಲ್ಲ. ಬೇರೆ ಗೂಡಿನ ಎಳೆಯ ಕಣಜವನ್ನು ತಂದಿಟ್ಟರೆ, ಅದು ತೀರಾ ಎಳೆಯದಾದರೆ, ಸೇರಿಸಿಕೊಳ್ಳುವುದೂ ಇದೆ. ನನಗೆ ಇದನ್ನೆಲ್ಲ ಓದುವಾಗ ಮೂವತ್ತು ಜನರ ಕೂಡುಕುಟುಂಬದ ಅಡುಗೆಮನೆ ಕಣ್ಣಿಗೆ ಬಂತು. ಪಂಕ್ತಿಯಲ್ಲಿ ಕೂತ ಮಕ್ಕಳಲ್ಲಿ ಯಾರು ಯಾರ ಮಗು ಎಂದು ಬಡಿಸುವವರು ನೋಡುವುದಿಲ್ಲ.

ಹಾಗಾದರೆ ಯಾಕೆ ಉಳಿಯುತ್ತವೆ? ಗದಗ್‌ಕರ್ 1990ರಲ್ಲಿ ಮುಂದಿಟ್ಟ ಒಂದು ವಿವರಣೆ ನನ್ನನ್ನು ಬಹಳ ದಿನ ಹಿಡಿದಿಟ್ಟಿತು. ಈ ಕಣಜದ ಮೊಟ್ಟೆ ಬೆಳೆದು ಹಾರುವ ಹುಳುವಾಗಲು ಸುಮಾರು ಎರಡು ತಿಂಗಳು ಬೇಕು. ಅಷ್ಟೂ ಕಾಲ ಮರಿಗೆ ಉಣಿಸುವವರು, ಗೂಡು ಕಾಯುವವರು ಬೇಕು. ಒಬ್ಬಳೇ ಹೋಗಿ ಗೂಡು ಕಟ್ಟಿದವಳು ಐವತ್ತನೇ ದಿನ ಹಕ್ಕಿಯ ಬಾಯಿಗೆ ಬಿದ್ದಳು ಎನ್ನಿ. ಐವತ್ತು ದಿನದ ದುಡಿಮೆ ಅಷ್ಟೂ ಸೊನ್ನೆ, ಮರಿಗಳು ಇರುವೆಯ ಪಾಲು. ಗುಂಪಿನಲ್ಲಿ ಇರುವವಳು ಹದಿನೈದನೇ ದಿನ ಸತ್ತರೂ ಆ ಹದಿನೈದು ದಿನದ ದುಡಿಮೆ ಹಾಳಾಗುವುದಿಲ್ಲ. ಅವಳು ಅರ್ಧ ಬೆಳೆಸಿದ ಮರಿಯನ್ನು ಇನ್ನೊಬ್ಬಳು ದಡ ಸೇರಿಸುತ್ತಾಳೆ. ಹೊರಗೆ ಹೋದರೆ ಪೂರ್ತಿ ಗೆಲ್ಲಬೇಕು, ಇಲ್ಲವಾದರೆ ಏನೂ ಇಲ್ಲ. ಒಳಗಿದ್ದರೆ ಎಷ್ಟು ದುಡಿದರೆ ಅಷ್ಟಕ್ಕೆ ಬೆಲೆಯಿದೆ.

ಇದನ್ನು ಓದಿದ ದಿನ ನನಗೆ ಒಂಥರಾ ಖುಷಿಯಾಗಿತ್ತು. ಒಬ್ಬರು ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬರು ಮುಗಿಸುತ್ತಾರೆ ಎಂಬ ನಂಬಿಕೆಗಿಂತ ದೊಡ್ಡ ಸಮಾಜ ಯಾವುದಿದೆ? ಅಜ್ಜ ನೆಟ್ಟ ಅಡಿಕೆಗೆ ಅಪ್ಪ ಮದ್ದು ಹೊಡೆಯುವುದು, ನಿಘಂಟಿನ ಮೊದಲ ಸಂಪುಟ ಮಾಡಿದವರು ಕೊನೆಯ ಸಂಪುಟ ನೋಡದೆ ಹೋಗುವುದು, ಎಲ್ಲ ಇದೇ ಲೆಕ್ಕ ಅಲ್ಲವೇ. ಅದಕ್ಕೇ ಅತ್ತೆಗೆ ಹೇಳಲು ಓಡಿದ್ದೆ.

ಹೀಗೆ ಲಾಭನಷ್ಟದಲ್ಲಿ ವಿವರಿಸಿದ ಮೇಲೆ ಪರಹಿತಕ್ಕೆ ಏನು ಬೆಲೆ ಉಳಿಯಿತು ಎಂದು ತರಗತಿಯಲ್ಲಿ ಕೇಳುವವರಿದ್ದಾರೆ. ಎಲ್ಲ ಸ್ವಾರ್ಥವೇ ಎಂದಾಯಿತಲ್ಲ ಎಂದು. ನನಗೆ ಆ ಚಿಂತೆ ಇಲ್ಲ. ಕಣಜದ ಹತ್ತಿರ ಲೆಕ್ಕದ ಪುಸ್ತಕವಿಲ್ಲ. ಮರಿ ಬಾಯಿ ತೆರೆದರೆ ಅದು ಉಣಿಸುತ್ತದೆ, ಅಷ್ಟೇ. ಲೆಕ್ಕ ಇರುವುದು ಇಂಥ ಕಣಜಗಳು ಈ ಲೋಕದಲ್ಲಿ ಉಳಿದುಬಂದ ಇತಿಹಾಸದಲ್ಲಿ. ತಾಯಿಯ ಮಮತೆಗೂ ಅಂಥ ಇತಿಹಾಸವಿದೆ. ಅಷ್ಟಕ್ಕೇ ರಾತ್ರಿ ಜ್ವರದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವವಳನ್ನು ವ್ಯಾಪಾರಿ ಎನ್ನುವುದಿಲ್ಲ. ಒಂದು ಗುಣ ಹೇಗೆ ಬಂತು ಎಂಬುದಕ್ಕೂ ಅದು ಈಗ ಏನಾಗಿದೆ ಎಂಬುದಕ್ಕೂ ವ್ಯತ್ಯಾಸವಿದೆ.

ನನಗೆ ಚಿಂತೆ ಹತ್ತಿಸಿದ್ದು ಆ ಲೆಕ್ಕದ ಇನ್ನೊಂದು ಬದಿ. ಹ್ಯಾಮಿಲ್ಟನ್ನನ ಲೆಕ್ಕದಲ್ಲಿ ನೆರವಾಗುವವಳು ಕಳೆದುಕೊಳ್ಳುವುದು ಎಂದರೇನು? ನೆರವಾಗದೆ ಹೊರಟುಹೋಗಿದ್ದರೆ ಅವಳಿಗೆ ಸಿಗುತ್ತಿದ್ದುದು. ಹೊರಗೆ ಹೆಚ್ಚು ಸಿಗುವಂತಿದ್ದರೆ ನಷ್ಟ ದೊಡ್ಡದು, ಏನೂ ಸಿಗದಂತಿದ್ದರೆ ನಷ್ಟ ಸೊನ್ನೆ. ಅಂದರೆ ಒಳಗಿನ ಒಗ್ಗಟ್ಟನ್ನು ಎರಡು ರೀತಿಯಲ್ಲಿ ಹೆಚ್ಚಿಸಬಹುದು. ಒಳಗೆ ಇರುವುದನ್ನು ಹಿತವಾಗಿಸಬಹುದು, ಇಲ್ಲವೇ ಹೊರಗನ್ನು ಭಯಂಕರವಾಗಿಸಬಹುದು. ಲೆಕ್ಕಕ್ಕೆ ಎರಡೂ ಒಂದೇ. ಕಿಟಕಿಯಲ್ಲಿ ನಿಂತು ನೋಡುವವರಿಗೂ ಎರಡೂ ಒಂದೇ ಥರ ಕಾಣುತ್ತವೆ: ತುಂಬಿದ ಗೂಡು, ದುಡಿಯುವ ಹೆಣ್ಣುಗಳು, ಜಗಳವಿಲ್ಲ.

ಕಣಜದ ಹೊರಗನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಇರುವೆಯಿದೆ, ಹಕ್ಕಿಯಿದೆ, ಮರಿಗಳನ್ನು ಎತ್ತಿಕೊಂಡು ಹೋಗುವ ವೆಸ್ಪಾ ಎಂಬ ದೊಡ್ಡ ಕಡಜವಿದೆ. ಅತ್ತೆಯ ಹೊರಗನ್ನು ಮಾಡಿದವರು ಜನ. ಎಸ್.ಎಸ್.ಎಲ್.ಸಿ ಪಾಸಾದಾಗ ಅವಳಿಗೆ ಟಿಸಿಎಚ್‌ಗೆ ಸೀಟು ಸಿಕ್ಕಿತ್ತಂತೆ. ಶಿವಮೊಗ್ಗದಲ್ಲಿ ಇರಬೇಕಿತ್ತು. ಅದೇ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಹೋಗಬೇಡ ಎಂದು ಯಾರೂ ಹೇಳಲಿಲ್ಲವಂತೆ. ಹೋಗು ಎಂದು ಹೇಳಿ ಬಸ್ಸಿನ ದುಡ್ಡು ಕೊಟ್ಟವರೂ ಇರಲಿಲ್ಲ. ಆಮೇಲೆ ಅಪ್ಪನ ಮದುವೆ, ನಾವು ಮೂವರು ಹುಟ್ಟಿದ್ದು, ಚಿಕ್ಕಪ್ಪನ ಇಬ್ಬರು ಮಕ್ಕಳು. ನನ್ನ ಮೊದಲ ಅಕ್ಷರ ತಿದ್ದಿಸಿದ್ದು ಅತ್ತೆ. ನಮ್ಮ ಮನೆಯಲ್ಲಿ ಯಾರಾದರೂ ಬಂದರೆ ಅವಳ ಬಗ್ಗೆ ಹೇಳುವ ಮಾತು ಒಂದೇ: ಈ ಮನೆಗಾಗಿ ತನ್ನ ಜೀವನವನ್ನೇ ತ್ಯಾಗ ಮಾಡಿದಳು. ತ್ಯಾಗ ಎನ್ನಬೇಕಾದರೆ ಬಿಟ್ಟುಕೊಟ್ಟದ್ದು ಏನಾದರೂ ಇರಬೇಕಲ್ಲ. ಅವಳ ಕೈಯಲ್ಲಿ ಏನೂ ಇರದ ಹಾಗೆ ನೋಡಿಕೊಂಡವರೇ, ಅವಳು ಎಲ್ಲವನ್ನೂ ಕೊಟ್ಟಳು ಎಂದು ಹೊಗಳುತ್ತಾರೆ. ಈ ಎರಡು ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂದು ನನಗೆ ಗೊತ್ತಾಗುವುದಿಲ್ಲ. ಆ ಹೊಗಳಿಕೆಯನ್ನು ಕೇಳಿಕೊಂಡು, ಹೌದು ಹೌದು ಎಂದು ತಲೆಯಾಡಿಸಿದವರಲ್ಲಿ ನಾನೂ ಇದ್ದೇನೆ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಜೇನನ್ನೂ ಇರುವೆಯನ್ನೂ ತೋರಿಸಿ ಮನುಷ್ಯರಿಗೆ ಬುದ್ಧಿ ಹೇಳುವುದು ಎಲ್ಲ ದೇಶಗಳಲ್ಲೂ ಇದೆ. ನಮ್ಮಲ್ಲಿ ಅದಕ್ಕೆ ಬೇರೆಯದೇ ರುಚಿ. ನೋಡಿ, ಹುಳುಗಳೇ ಹೇಗೆ ತಮ್ಮ ತಮ್ಮ ಕೆಲಸ ಮಾಡಿಕೊಂಡಿವೆ, ಹುಟ್ಟಿದ ಹಾಗೆ ಇವೆ, ಯಾರೂ ಮೇಲೆ ಹತ್ತಲು ನೋಡುವುದಿಲ್ಲ ಎಂದು ಜಾತಿಯನ್ನು ಸಮರ್ಥಿಸಿದ ಭಾಷಣವನ್ನು ನಾನೇ ಕೂತು ಕೇಳಿದ್ದೇನೆ. ಅಂಥವರ ಮುಂದೆ ಈ ಕಣಜವನ್ನು ಇಡಬೇಕು ಅನಿಸುತ್ತದೆ. ಇಲ್ಲಿ ಹುಟ್ಟಾ ಕೆಲಸದವಳು ಎಂಬ ಬೇರೆ ಮೈಕಟ್ಟೇ ಇಲ್ಲ. ಗದಗ್‌ಕರ್ ತಂಡ ಒಂದು ಪ್ರಯೋಗ ಮಾಡಿತ್ತು. ಕೋಶದಿಂದ ಹೊರಬಂದ ಹೆಣ್ಣುಗಳನ್ನು ಒಂದೊಂದಾಗಿ ಬೇರೆ ಬೇರೆ ಇಟ್ಟು, ಹೊಟ್ಟೆತುಂಬ ಆಹಾರ ಕೊಟ್ಟು ನೋಡಿದರು. ಸುಮಾರು ಅರ್ಧದಷ್ಟು ತಾವೇ ಗೂಡು ಕಟ್ಟಿ ಮೊಟ್ಟೆಯಿಟ್ಟವು. ಉಳಿದರ್ಧ ಮೊಟ್ಟೆಯಿಡದೆಯೇ ಸತ್ತವು. ಹಾಗಾಗಿ ಎಲ್ಲರೂ ಹೊರಗೆ ಹೋಗಬಲ್ಲರು ಎಂದು ನಾನು ಅತ್ತೆಗೆ ಹೇಳಿದ್ದು ಪೂರ್ತಿ ಸರಿಯಲ್ಲ. ಆ ಅರ್ಧಕ್ಕೂ ಈ ಅರ್ಧಕ್ಕೂ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕಿದಾಗ ಸಿಕ್ಕಿದ ಕಾರಣಗಳಲ್ಲಿ ಮುಖ್ಯವಾದದ್ದು, ಮರಿಯಾಗಿದ್ದಾಗ ಸಿಕ್ಕ ಊಟ. ಚೆನ್ನಾಗಿ ಉಂಡು ಬೆಳೆದದ್ದು ಮೊಟ್ಟೆಯಿಡುವ ಸಾಧ್ಯತೆ ಹೆಚ್ಚು.

ಗಂಡುಗಳ ವಿಷಯ ಕೇಳಿದರೆ ನಗು ಬರುತ್ತದೆ. ಈ ಗೂಡುಗಳಲ್ಲಿ ಗಂಡುಗಳು ಕೆಲಸ ಮಾಡುವುದಿಲ್ಲ. ಹುಟ್ಟಿ ಒಂದು ವಾರ ಕೂತು ತಿಂದು ಹೊರಟುಬಿಡುತ್ತವೆ. ಅದು ಅವುಗಳ ಸ್ವಭಾವ ಎಂದೇ ತಿಳಿದಿದ್ದರು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಣ್ಣುಗಳನ್ನೆಲ್ಲ ಗೂಡಿನಿಂದ ತೆಗೆದು, ಗಂಡುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಆಹಾರ ಕೊಟ್ಟು ನೋಡಿದರು. ಅವು ಮರಿಗಳಿಗೆ ಉಣಿಸಿದವು. ಹೆಣ್ಣುಗಳಷ್ಟು ಜಾಣತನದಿಂದಲ್ಲ, ಆದರೆ ಉಣಿಸಿದವು.

ಇಷ್ಟು ಬರೆದ ಮೇಲೆ ನನ್ನನ್ನೇ ತಡೆದುಕೊಳ್ಳಬೇಕು. ಜೇನನ್ನು ತೋರಿಸಿ ಜಾತಿ ಸರಿ ಎನ್ನುವುದು ತಪ್ಪಾದರೆ, ಕಣಜವನ್ನು ತೋರಿಸಿ ಜಾತಿ ತಪ್ಪು ಎನ್ನುವುದೂ ಅದೇ ತಪ್ಪು. ಲೋಕ ಹೀಗಿದೆ ಎಂಬುದರಿಂದ ಹೀಗಿರಬೇಕು ಎಂಬುದು ಹೊರಡುವುದಿಲ್ಲ ಎಂದು ಹ್ಯೂಮ್ ಹದಿನೆಂಟನೇ ಶತಮಾನದಲ್ಲೇ ಎಚ್ಚರಿಸಿದ್ದ. ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಧಾರವಾಡದ ಮುಸುವಗಳೇ ಸಾಕು. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದ ಸುತ್ತಿನ ಕಾಡಿನಲ್ಲಿ ಅವುಗಳನ್ನು ನೋಡುತ್ತಿದ್ದರು. ಮುಸುವ ಹಿಂಡಿನ ಹೆಣ್ಣುಗಳು ಒಬ್ಬರ ಮರಿಯನ್ನು ಇನ್ನೊಬ್ಬರು ಎತ್ತಿಕೊಳ್ಳುವುದು, ಹುಟ್ಟಿದ ದಿನದ ಮರಿ ಕೈಯಿಂದ ಕೈಗೆ ಹೋಗುವುದು ಎಲ್ಲರೂ ಕಂಡದ್ದೇ. ಆದರೆ ಹೊರಗಿನ ಗಂಡೊಂದು ಹಳೆಯ ಗಂಡನ್ನು ಓಡಿಸಿ ಹಿಂಡನ್ನು ವಶಮಾಡಿಕೊಂಡ ಮೇಲೆ ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಂದದ್ದನ್ನು ಸುಗಿಯಾಮ ದಾಖಲಿಸಿದರು. ಆಮೇಲೆ ರಾಜಸ್ಥಾನದ ಅಬುವಿನಲ್ಲಿ ಸಾರಾ ಹರ್ಡಿ ಇದನ್ನೇ ಹಿಡಿದು, ಇದು ಹುಚ್ಚಲ್ಲ, ಆ ಗಂಡಿಗೆ ಬೇಗ ತನ್ನ ಸಂತಾನ ಪಡೆಯುವ ದಾರಿ ಎಂದು ವಾದಿಸಿದರು. ಒಂದೇ ಪ್ರಾಣಿ, ಒಂದೇ ಹಿಂಡು. ಮರಿಯನ್ನು ಹಂಚಿಕೊಂಡು ಸಾಕುವುದೂ ಸಹಜ, ಕೊಲ್ಲುವುದೂ ಸಹಜ. ಯಾವುದನ್ನು ಪಾಠ ಎಂದು ಆರಿಸಿಕೊಳ್ಳುತ್ತೇವೋ ಅದು ನಮ್ಮ ಆಯ್ಕೆ, ಮುಸುವದ್ದಲ್ಲ. ಕಣಜ ನನಗೆ ನ್ಯಾಯ ಹೇಳಿಕೊಡುವುದಿಲ್ಲ. ಹೆಚ್ಚೆಂದರೆ, ಅವಳು ಇರುವುದೇ ಹಾಗೆ ಎಂಬ ನೆಪವನ್ನು ಕಿತ್ತುಕೊಳ್ಳುತ್ತದೆ.

ಅಜ್ಜಿ ಹೋಗಿದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಕಣಜದ ಗೂಡಿನಲ್ಲಿ ರಾಣಿಯನ್ನು ತೆಗೆದುಬಿಟ್ಟರೆ ಒಂದು ಗಂಟೆಯೊಳಗೆ ಕೆಲಸದವರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಜೋರಾಗುತ್ತಾಳೆ. ಉಳಿದವರನ್ನು ಅಟ್ಟುತ್ತಾಳೆ, ಕಚ್ಚುತ್ತಾಳೆ. ರಾಣಿಯನ್ನು ಮರಳಿ ಬಿಟ್ಟರೆ ತಣ್ಣಗಾಗುತ್ತಾಳೆ. ಬಿಡದಿದ್ದರೆ ಒಂದು ವಾರದಲ್ಲಿ ಮೊಟ್ಟೆಯಿಡಲು ಶುರುಮಾಡಿ, ತಾನೂ ಸಾಧುವಾಗುತ್ತಾಳೆ. ಆ ಒಬ್ಬಳು ಯಾರು ಎಂದು ರಾಣಿ ಇರುವಾಗ ನಮಗೆ ಹೇಳಲು ಬರುವುದಿಲ್ಲ. ಆದರೆ ಕಣಜಗಳಿಗೆ ಗೊತ್ತಿರುವಂತಿದೆ; ಅವಳನ್ನು ಯಾರೂ ಎದುರಿಸುವುದಿಲ್ಲ. ಒಬ್ಬೊಬ್ಬರನ್ನೇ ತೆಗೆಯುತ್ತಾ ಹೋದಾಗ ಒಬ್ಬಳ ಹಿಂದೆ ಒಬ್ಬಳಂತೆ ಇಡೀ ಸಾಲೇ ಇದೆ ಎಂದು 2012ರಲ್ಲಿ ಅಲೋಕ್ ಬಂಗ್ ಮತ್ತು ಗದಗ್‌ಕರ್ ತೋರಿಸಿದರು. ಜಗಳವಿಲ್ಲದ ಸರತಿ. ಅಜ್ಜಿಯ ಹದಿಮೂರನೇ ದಿನ ಮುಗಿದ ಮೇಲೆ ಉಗ್ರಾಣದ ಕೀಲಿಕೈ ಅಮ್ಮನ ಸೊಂಟಕ್ಕೆ ಬಂತು. ಹದಿನೈದು ವರ್ಷ ಅಜ್ಜಿಯ ಮೈ ಒರೆಸಿದ್ದು ಅತ್ತೆ, ಕೀಲಿ ಮಾತ್ರ ಸೊಸೆಯದು. ನಮ್ಮ ಮನೆಯಲ್ಲೂ ಯಾರೂ ಜಗಳ ಮಾಡಲಿಲ್ಲ. ಅಮ್ಮ ಕೆಟ್ಟವಳಲ್ಲ, ಅವಳಿಗೂ ಅದು ಹಾಗೇ ಎಂದು ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಜಗಳವಾಗದ ಮನೆಯನ್ನು ನಾವು ಒಳ್ಳೆಯ ಮನೆ ಎನ್ನುತ್ತೇವೆ.

ಈಗ ಮನೆಯಲ್ಲಿ ಪಾಲಾಗುತ್ತಿದೆ. ಅಪ್ಪ, ಚಿಕ್ಕಪ್ಪ ತೋಟ ಹಂಚಿಕೊಳ್ಳುವ ಮಾತು ಒಂದು ವರ್ಷದಿಂದ ನಡೆದಿದೆ. ಅತ್ತೆಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಬೇಕು ಎಂದು ವಕೀಲರು ಹೇಳಿದಾಗಲೇ, ಬಿಡಬೇಕಾದ ಹಕ್ಕೊಂದು ಅವಳಿಗೆ ಇತ್ತು ಎಂದು ನನಗೆ ಹೊಳೆದದ್ದು. ಹುಡುಕಿ ನೋಡಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈನಲ್ಲೇ ಜಾರಿಗೆ ಬಂದಿತ್ತು. ಇಡೀ ದೇಶಕ್ಕೆ, ಮದುವೆಯಾದವರಿಗೂ ಸೇರಿ, ಬಂದದ್ದು 2005ರಲ್ಲಿ. 1994ರಲ್ಲಿ ಅತ್ತೆಗೆ ಮೂವತ್ತು ವರ್ಷ. ಹೊರಗೆ ಒಂದು ಜಾಗ ಆಗಲೇ ಆಗಿತ್ತು, ಕಾಗದದ ಮೇಲಾದರೂ. ಅವಳಿಗೆ ಹೇಳಿದವರಿಲ್ಲ. ಅಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದೆ. "ಅವಳಿಗೆ ಇಲ್ಲೇನು ಕಮ್ಮಿಯಾಗಿದೆ?" ಎಂದ. ಅದು ಉತ್ತರವಲ್ಲ ಎಂದೆ. ಆಮೇಲೆ ಎರಡು ದಿನ ಮಾತಿಲ್ಲ. ನನ್ನ ಹಾಸ್ಟೆಲ್ ಫೀಸು, ಪುಸ್ತಕ, ಐದು ವರ್ಷ ಫೆಲೋಶಿಪ್ ಇಲ್ಲದೆ ಓದಿದ್ದು, ಎಲ್ಲ ಆ ತೋಟದ ದುಡ್ಡಿನಿಂದ. ಅದರಲ್ಲಿ ಅತ್ತೆಯ ಪಾಲೂ ಇತ್ತು. ಋಣದ ಬಗ್ಗೆ ಪ್ರಬಂಧ ಬರೆಯುತ್ತಿರುವವಳಿಗೆ ಇದು ಗೊತ್ತಾಗಲು ಇಷ್ಟು ದಿನ ಬೇಕಾಯಿತು.

ಅತ್ತೆಗೆ ಬೇರೆ ದಾರಿಯೇ ಇರಲಿಲ್ಲ ಎಂದು ನಾನು ಬರೆದುಬಿಟ್ಟರೂ ಅವಳಿಗೆ ಅನ್ಯಾಯವೇ. ನಲವತ್ತು ವರ್ಷ ಅವಳು ಮಾಡಿದ್ದನ್ನೆಲ್ಲ ಬರೀ ಬೀಗದ ಒಳಗಿನ ದುಡಿಮೆ ಎನ್ನುವ ಅಧಿಕಾರ ನನಗೆ ಯಾರು ಕೊಟ್ಟರು? ಅವಳನ್ನೇ ಕೇಳಬೇಕಿತ್ತು. ಸಂಕ್ರಾಂತಿಗೆ ಹೋದಾಗ ಕೇಳಿದೆ. ರಾತ್ರಿ ಊಟವಾಗಿ, ಅವಳು ಹಾಸಿಗೆ ಹಾಸುತ್ತಿದ್ದಳು.

"ಅತ್ತೆ, ಆಗಲೇ ಪಾಲು ಕೊಟ್ಟಿದ್ದರೆ, ಹೋಗಬಹುದು ಅಂತ ಗೊತ್ತಿದ್ದರೆ, ನೀನು ಹೋಗ್ತಿದ್ದೆಯಾ?"

ಅವಳು ದಿಂಬಿಗೆ ಬಟ್ಟೆ ತೊಡಿಸುತ್ತಾ ನನ್ನನ್ನು ನೋಡಿದಳು. "ಯಾವ ವರ್ಷದ ಮಾತು ಕೇಳ್ತಿದ್ದಿ?"

ನಾನು ಸುಮ್ಮನಾದೆ.

"ಸೀಟು ಬಂದ ವರ್ಷ ಆದ್ರೆ ಓಡಿಹೋಗ್ತಿದ್ದೆ. ನೀವೆಲ್ಲ ಸಣ್ಣವರಿದ್ದಾಗ ಯಾರು ಎಳೆದ್ರೂ ಹೋಗ್ತಿರಲಿಲ್ಲ. ನಿಮ್ಮಜ್ಜಿ ಹೋದ್ ಮೇಲೆ ಒಂದೆರಡು ವರ್ಷ, ದಿನಾ ಬೆಳಿಗ್ಗೆ ಎದ್ದು ಹೋಗಿಬಿಡೋಣ ಅನಿಸ್ತಿತ್ತು." ದಿಂಬು ತಟ್ಟಿ ಇಟ್ಟಳು. "ಈಗ ಮಂಡಿನೋವು."

ವಕೀಲರು ಕೊಟ್ಟ ಕಾಗದ ಕಬ್ಬಿಣದ ಕಪಾಟಿನಲ್ಲಿ ಹಾಗೇ ಇತ್ತು. ಅಪ್ಪ ಅದನ್ನು ಅವಳ ಮುಂದಿಡಲು ಯುಗಾದಿಯವರೆಗೆ ಕಾಯುವ ಹಾಗೆ ಕಂಡಿತು. ನಾನು ತೆಗೆದುಕೊಂಡು ಬಂದು ಅವಳ ಕೈಗೆ ಕೊಟ್ಟೆ. ಇದಕ್ಕೆ ಸಹಿ ಹಾಕಲೇಬೇಕು ಅಂತಿಲ್ಲ ಎಂದೆ. ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಎಂದೂ ಹೇಳಿದೆ. ಅವಳು ಕನ್ನಡಕ ಹುಡುಕಿದಳು, ಸಿಗಲಿಲ್ಲ. ಕಾಗದವನ್ನು ನನಗೇ ಮರಳಿಸಿದಳು.

"ಓದು. ಒಂದಕ್ಷರ ಬಿಡದ ಹಾಗೆ ಓದು" ಎಂದಳು.